ಹೊಳೆ ದಂಡೆ ಒಂದಿಷ್ಟು ಬಿಡೋಣ

ಮೊನ್ನೆ ಭಾನುವಾರ ಬೆಳಿಗ್ಗೆ ಆರೂವರೆ ಹೊತ್ತಿಗೆ ನಮ್ಮ ಗದ್ದೆಯ ಕೊನೆಗೆ ಹೋದೆ. ಅಲ್ಲಿ ಹೊಳೆಗೆ ಇಳಿಯುವ ಕಡೆ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಹಿಕ್ಕೆ ಬಿದ್ದಿತ್ತು. ಇನ್ನೂ ಹಸಿಯಾಗಿತ್ತು. ಮಂಡಿಯೂರಿ ಕೂತು ಕಡ್ಡಿಯಿಂದ ಬಿಡಿಸಿ ನೋಡಿದೆ. ಒಳಗೆ ಮೀನಿನ ಸಣ್ಣ ಸಣ್ಣ ಮುಳ್ಳು, ಎಳೆ ಬಿಸಿಲಿಗೆ ಮಿನುಗುವ ಪೊರೆ, ಏಡಿ ಚಿಪ್ಪಿನ ಚೂರು. ಮೀನಿನ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ನಾಲ್ಕು ವರ್ಷದಿಂದ ಊರಿಗೆ ಬಂದಾಗಲೆಲ್ಲ ಆ ಬಂಡೆ ಹತ್ತಿ ನೋಡಿ ಬರಿಗೈಲಿ ವಾಪಸ್ ಬರುತ್ತಿದ್ದೆ. ಈ ಸಲ ಕಣ್ಣಲ್ಲಿ ನೀರು ಬಂತು.

ನೀರುನಾಯಿ ಬಂದಿದೆ. ನಮ್ಮ ಗದ್ದೆಯ ದಂಡೆಗೆ.

ನಮ್ಮೂರು ಕಂಪ್ಲಿಗೆ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ. ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ಹಿಡಿದು ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ನೀರುನಾಯಿಗೆ ಅಂತಲೇ ಮೀಸಲಿಟ್ಟ ದೇಶದ ಮೊದಲ ಜಾಗ ಇದು. ಹಂಪಿಗೆ ಬರುವವರು ಲಕ್ಷಾಂತರ ಜನ. ಅವರಲ್ಲಿ ಕೆಲವರು ದರೋಜಿಗೆ ಹೋಗಿ ಕರಡಿ ನೋಡುತ್ತಾರೆ. ಆದರೆ ವಿರೂಪಾಕ್ಷನ ಗುಡಿಯ ಮುಂದೆ ಹರಿಯುವ ಅದೇ ಹೊಳೆಯಲ್ಲಿ ನೀರುನಾಯಿ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಹೋಗಲಿ, ದಿನಾ ಆ ಹೊಳೆಯ ನೀರು ಕುಡಿಯುವ ನಮ್ಮ ಊರುಗಳಲ್ಲೇ ಎಷ್ಟು ಜನಕ್ಕೆ ಗೊತ್ತು?

ನೋಡಿಲ್ಲದವರಿಗೆ ಹೇಳ್ತೀನಿ. ಹೆಸರಲ್ಲಿ ನಾಯಿ ಇದ್ದರೂ ಇದು ನಾಯಿಯ ಜಾತಿಯಲ್ಲ. ಉದ್ದ ಮೈ, ಗಿಡ್ಡ ಕಾಲು, ಬೆರಳುಗಳ ನಡುವೆ ಪೊರೆ, ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗ್ತಾ ಚಪ್ಪಟೆಯಾಗುವ ಬಾಲ. ತೂಕ ಏಳರಿಂದ ಹನ್ನೊಂದು ಕೆಜಿ. ನೀರಿನಿಂದ ಎದ್ದು ಬಂದಾಗ ಎಣ್ಣೆ ಸವರಿದ ಹಾಗೆ ಮೈ ನುಣ್ಣಗೆ ಹೊಳೆಯುತ್ತೆ. ಒಂಟಿಯಾಗಿ ಕಾಣುವುದು ಕಡಿಮೆ. ಅಪ್ಪ, ಅಮ್ಮ, ಹೋದ ವರ್ಷದ ಮರಿ, ಈ ವರ್ಷದ ಮರಿ ಎಲ್ಲ ಸೇರಿ ಒಂದು ಸಂಸಾರ. ಮೀನು ಹಿಡಿಯುವುದೂ ಒಟ್ಟಿಗೆ, ಮರಿ ಕಾಯುವುದೂ ಒಟ್ಟಿಗೆ.

ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಆನೆಗುಂದಿ ಕಡೆಯ ಬಂಡೆಗಳ ಮೇಲೆ, ಒಂದು ಜನವರಿ ಬೆಳಿಗ್ಗೆ. ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮೊದಲು ಕೇಳಿದ್ದು ಸದ್ದು. ಸಣ್ಣ ಮಕ್ಕಳು ಸೀಟಿ ಊದಿದ ಹಾಗೆ, ನಡುನಡುವೆ ಕಿಚಕಿಚ ಅಂತ ಜಗಳ. ಆಮೇಲೆ ನೀರಲ್ಲಿ ಒಂದು ತಲೆ ಎದ್ದಿತು. ಮತ್ತೊಂದು. ಮತ್ತೆರಡು. ಒಟ್ಟು ಐದು. ದೊಡ್ಡದೊಂದು ಮೊಣಕೈ ಉದ್ದದ ಮೀನು ಕಚ್ಚಿಕೊಂಡು ಬಂಡೆ ಹತ್ತಿತು, ಮುಂಗಾಲಲ್ಲಿ ಅದನ್ನು ಒತ್ತಿ ಹಿಡಿದು ತಲೆಯಿಂದ ತಿನ್ನೋಕೆ ಶುರು ಮಾಡಿತು, ಕರಕರ ಅನ್ನುವ ಸದ್ದು ನಾನು ಕೂತಿದ್ದ ಕಡೆಗೂ ಕೇಳಿಸ್ತಿತ್ತು. ಹಿಂದೆಯೇ ಎರಡು ಮರಿ ಬಂದವು. ಅರ್ಧ ತಿಂದ ಮೀನನ್ನು ದೊಡ್ಡದು ಮರಿಗಳ ಮುಂದೆ ಬಿಟ್ಟಿತು. ಒಂದು ಮರಿ ಎಳೆದ ರಭಸಕ್ಕೆ ಮೀನು ಜಾರಿ ನೀರಿಗೆ ಬಿತ್ತು, ಮರಿಯೂ ಅದರ ಹಿಂದೆ ಬಿತ್ತು. ತಾಯಿ ಕೆಳಗೆ ಹಾರಿ ಮೀನನ್ನು ಮತ್ತೆ ಮೇಲೆ ತಂದಿತು. ಹತ್ತು ನಿಮಿಷ ಇದ್ದಿರಬಹುದು. ಆಮೇಲೆ ಬಂಡೆಯ ಮೇಲೆ ಹೊರಳಾಡಿ ಮೈ ಒರೆಸಿಕೊಂಡು ನೀರಂಚಲ್ಲಿ ಎತ್ತರಕ್ಕೆ ಬೆಳೆಯುವ ಆಪಿನ ಗಿಡಗಳ ಒಳಗೆ ನುಸುಳಿದವು. ಆಪು ಸ್ವಲ್ಪ ಹೊತ್ತು ಅಲ್ಲಾಡಿ ಸುಮ್ಮನಾಯಿತು.

ಅವು ಎಲ್ಲಿ ಮಾಯವಾದವು ಅನ್ನುವುದನ್ನು ನೋಡಿ. ನೀರಿನೊಳಗೆ ಅಲ್ಲ. ದಂಡೆಯ ಆಪಿನೊಳಗೆ. ಈ ವಿಷಯ ನನ್ನ ತಲೆಗೆ ಹತ್ತೋಕೆ ವರ್ಷಗಳೇ ಹಿಡಿಯಿತು.

ನಾವು ಹೊಳೆ ಅಂದರೆ ನೀರು ಅಂತ ತಿಳಿದುಕೊಂಡಿದ್ದೇವೆ. ನೀರು ಬಂತಾ, ಎಷ್ಟು ಬಂತು, ಕಾಲುವೆಗೆ ಎಷ್ಟು ಬಿಟ್ಟರು, ಇಷ್ಟೇ ನಮ್ಮ ಮಾತು. ಆದರೆ ಹೊಳೆಯ ಜೀವಗಳ ಬದುಕು ಜಾಸ್ತಿ ನಡೆಯುವುದು ನೀರು ಮತ್ತು ನೆಲ ಸೇರುವ ಆ ಹತ್ತಿಪ್ಪತ್ತು ಅಡಿಯಲ್ಲಿ. ನೀರುನಾಯಿ ಮರಿ ಹಾಕುವುದು ಬಂಡೆಗಳ ಸಂದಿಯಲ್ಲಿ, ಮರದ ಬೇರಿನ ಕೆಳಗಿನ ಪೊಟರೆಯಲ್ಲಿ, ಆಪಿನ ಮೆಳೆಯಲ್ಲಿ. ಹುಟ್ಟಿದ ಮರಿಗೆ ಕಣ್ಣು ಕಾಣಲ್ಲ, ಈಜು ಬರಲ್ಲ. ತಾಯಿಯೇ ಕಲಿಸಬೇಕು. ಅಲ್ಲಿವರೆಗೆ ಆ ಮರಿಗೆ ದಂಡೆಯೇ ಮನೆ. ಮೊಸಳೆ ಬಿಸಿಲು ಕಾಯೋಕೆ ಮೇಲೆ ಬರಬೇಕು, ಮೊಟ್ಟೆ ಇಡೋಕೆ ದಂಡೆಯಲ್ಲಿ ಗುಂಡಿ ತೋಡಬೇಕು. ಮೆತ್ತನೆ ಚಿಪ್ಪಿನ ಆಮೆಯೂ ಮೊಟ್ಟೆ ಇಡೋದು ನೆಲದಲ್ಲೇ. ದಖ್ಖನಿನ ಹೊಳೆಗಳಲ್ಲಿ ಇರುವ ಆ ಆಮೆ, ಲೀತನ ಆಮೆ ಅಂತಾರೆ, ಈಗ ಜಗತ್ತಿನಲ್ಲೇ ಅಳಿವಿನ ಅಂಚಿಗೆ ಬಂದ ಪ್ರಾಣಿಗಳ ಪಟ್ಟಿಯಲ್ಲಿದೆ. ಮಿಂಚುಳ್ಳಿಗೆ ಕಡಿದಾದ ಮಣ್ಣಿನ ದಂಡೆ ಬೇಕು, ಅದರಲ್ಲಿ ಬಿಲ ಕೊರೆದು ಗೂಡು ಮಾಡುತ್ತೆ. ಎಷ್ಟೋ ಮೀನುಗಳು ಮಳೆಗಾಲದಲ್ಲಿ ಅಂಚಿನ ಹುಲ್ಲು ಮುಳುಗಿದಾಗ ಅಲ್ಲಿಗೆ ಬಂದು ಮೊಟ್ಟೆ ಇಡುತ್ತವೆ, ಮರಿಗಳು ದೊಡ್ಡ ಮೀನಿನ ಬಾಯಿಗೆ ಸಿಗದ ಹಾಗೆ ಅದೇ ಹುಲ್ಲಲ್ಲಿ ಬೆಳೆಯುತ್ತವೆ.

ಈಗ ಆ ಹತ್ತಿಪ್ಪತ್ತು ಅಡಿಯನ್ನು ನಾವು ಏನು ಮಾಡಿದ್ದೇವೆ? ಬೇರೆಯವರ ಮಾತು ಬೇಡ, ನಮ್ಮ ಮನೆಯದ್ದೇ ಹೇಳ್ತೀನಿ.

ನಮ್ಮದು ಹೊಳೆ ಪಕ್ಕ ಮೂರು ಎಕರೆ ಗದ್ದೆ. ನಾನು ಚಿಕ್ಕವಳಿದ್ದಾಗ ಗದ್ದೆಯ ಬದುವಿನಿಂದ ನೀರಿನವರೆಗೆ ಒಂದು ಪಟ್ಟಿ ಹಾಗೇ ಬಿಟ್ಟಿತ್ತು. ಎರಡು ಹೊಳೆಮತ್ತಿ ಮರ, ಒಂದು ನೇರಳೆ, ಹೊಂಗೆ, ಕೆಳಗೆ ಲಕ್ಕಿ ಗಿಡ, ನೀರಿಗೆ ತಾಗಿ ಆಪು. ದನ ನೀರಿಗೆ ಇಳಿಯೋಕೆ ಒಂದು ದಾರಿ. ಅವ್ವ ಬಟ್ಟೆ ಒಗೆಯುವಾಗ ನಾನು ಆ ನೇರಳೆ ಮರದ ಕೆಳಗೆ ಕೂತಿರುತ್ತಿದ್ದೆ. ಆಮೇಲೆ ಭತ್ತಕ್ಕೆ ರೇಟು ಬಂತು. ಸೋನಾ ಮಸೂರಿ ಅಂದರೆ ಗಂಗಾವತಿ, ಕಂಪ್ಲಿ ಕಡೆಯದ್ದೇ ಬೇಕು ಅನ್ನೋ ಕಾಲ. ಒಂದೊಂದು ಅಡಿಗೂ ಬೆಲೆ. ಅಪ್ಪ ಪ್ರತಿ ಬೇಸಿಗೆ ಆಪಿಗೆ ಬೆಂಕಿ ಹಾಕಿ ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿದರು. ಮರಗಳ ನೆರಳಿಗೆ ಪೈರು ಸೊರಗುತ್ತೆ ಅಂತ ಮರ ಕಡಿಸಿದರು. ಕೊನೆಗೆ ಭತ್ತದ ಕೊನೆಯ ಸಾಲು ಹೊಳೆ ನೀರಿಗೆ ಒಂದೇ ಮಾರು ದೂರ. ಅಪ್ಪ ಒಬ್ಬರೇ ಅಲ್ಲ, ಅಕ್ಕಪಕ್ಕದ ಎಲ್ಲರೂ ಹೀಗೇ ಮಾಡಿದ್ದು. ಯಾರಿಗೂ ಇದು ತಪ್ಪು ಅನ್ನಿಸಿರಲಿಲ್ಲ. ಸುಮ್ನೆ ಬಿದ್ದಿರೋ ಜಾಗ ಅಂತಲೇ ಎಲ್ಲರ ಲೆಕ್ಕ.

ಆ ಬೆಂಕಿ ಹಾಕುವ ದಿನ ನಾನೂ ಒಂದು ಸಲ ಜೊತೆಗಿದ್ದೆ, ಕಾಲೇಜಿಗೆ ಹೋಗ್ತಿದ್ದ ಕಾಲ. ಗಾಳಿ ಬೀಸಿತು, ಆಪು ಪಟಪಟ ಅಂತ ಸಿಡಿಯುತ್ತಾ ಉರಿಯಿತು. ಹಕ್ಕಿಗಳು ಕಿರುಚಿ ಮೇಲೆದ್ದವು. ಸಂಜೆ ಬೂದಿ ಆರಿದ ಮೇಲೆ ಹೋಗಿ ನೋಡಿದರೆ ಸುಟ್ಟ ಮೊಟ್ಟೆಗಳು, ಒಂದು ಕೇರೆ ಹಾವು, ಚಿಪ್ಪಿನ ಸಮೇತ ಬೆಂದ ಒಂದು ಸಣ್ಣ ಆಮೆ. ಆಮೆಯನ್ನು ಎತ್ತಿ ನೀರಿಗೆ ಬಿಟ್ಟೆ, ಬದುಕಬಹುದೇನೋ ಅಂತ. ಅದು ತೇಲಿಕೊಂಡು ಹೋಯಿತು.

ಆಮೇಲೆ ಒಂದು ವರ್ಷ ಜೋರು ನೆರೆ. ಡ್ಯಾಮಿನಿಂದ ನೀರು ಬಿಟ್ಟರು, ಕಂಪ್ಲಿ ಸೇತುವೆ ಮುಳುಗಿತು, ಅದು ನಮ್ಮ ಕಡೆ ಹೊಸದೇನಲ್ಲ. ಆದರೆ ನೀರು ಇಳಿದ ಮೇಲೆ ನೋಡಿದರೆ ನಮ್ಮ ಗದ್ದೆಯ ಅಂಚು ಹದಿನೈದು ಇಪ್ಪತ್ತು ಅಡಿ ಒಳಕ್ಕೆ ಕುಸಿದು ಹೋಗಿತ್ತು. ಬೇರಿಲ್ಲದ ಮಣ್ಣು, ನಿಲ್ಲುತ್ತಾ? ನಾವು ವರ್ಷಾನುಗಟ್ಟಲೆ ಒಂದೊಂದು ಅಡಿ ಸೇರಿಸಿಕೊಂಡಿದ್ದನ್ನು ಹೊಳೆ ಒಂದೇ ವಾರದಲ್ಲಿ ಬಡ್ಡಿ ಸಮೇತ ತಗೊಂಡು ಹೋಯಿತು. ನಮ್ಮ ಮೇಲಿನ ಗದ್ದೆಯವರು ಸೋಮಾರಿತನಕ್ಕೋ ಏನೋ ಆಪು ಹಾಗೇ ಬಿಟ್ಟಿದ್ದರು, ಎರಡು ದೊಡ್ಡ ಮತ್ತಿ ಮರ ಇದ್ದವು. ಅವರ ದಂಡೆ ಒಂದು ಗೇಣೂ ಅಲ್ಲಾಡಿರಲಿಲ್ಲ. ಅಪ್ಪ ಅದನ್ನು ಬಹಳ ಹೊತ್ತು ನಿಂತು ನೋಡಿದರು. ಏನೂ ಮಾತಾಡಲಿಲ್ಲ.

ಹೊಳೆಯನ್ನು ಮುಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ನಮ್ಮ ಭಾಗದಲ್ಲಿ ಆ ಮಾತು ಹೇಳೋಕೂ ಆಗಲ್ಲ. ವಿಜಯನಗರದ ಅರಸರ ಕಾಲದಲ್ಲಿ ಕಲ್ಲಿನ ಅಣೆಕಟ್ಟು ಕಟ್ಟಿ ತೆಗೆದ ಕಾಲುವೆಗಳು ಈಗಲೂ ಹರಿಯುತ್ತಿವೆ. ತುರ್ತು ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ, ಇವುಗಳ ನೀರಲ್ಲೇ ಇವತ್ತಿಗೂ ಬಾಳೆ, ಕಬ್ಬು, ಭತ್ತ ಬೆಳೆಯೋದು. ಐನೂರು ವರ್ಷದಿಂದ ಜನ ಈ ಹೊಳೆಯನ್ನು ಬಳಸಿದ್ದಾರೆ, ನೀರುನಾಯಿಯೂ ಉಳಿದಿದೆ. ಆ ಹಳೆ ಅಣೆಗಳು ಎತ್ತರವಿಲ್ಲ. ನೀರು ಅವುಗಳ ಮೇಲೆ ಹಾಯ್ದು ಮುಂದೆ ಹರಿಯುತ್ತೆ. ಬಂಡೆ, ನಡುಗಡ್ಡೆ, ಮಡು ಎಲ್ಲ ಹಾಗೇ ಇರುತ್ತೆ.

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನ ಕತೆಯೂ ಇದೇ. ಕಾವೇರಿಗೆ ಅಡ್ಡಲಾಗಿ 17ನೇ ಶತಮಾನದಲ್ಲಿ ಕಟ್ಟಿದ ಒಂದು ಅಣೆಯಿಂದ ಅಲ್ಲಿ ತಿಟ್ಟುಗಳು ಆದವು. ತಿಟ್ಟಿನ ಮೇಲೆ ಮರ ಬೆಳೆಯಿತು, ಮರಕ್ಕೆ ಹಕ್ಕಿ ಬಂತು. ಪಕ್ಷಿ ತಜ್ಞ ಸಲೀಂ ಅಲಿ ಅದನ್ನು ನೋಡಿ ಮೈಸೂರು ಮಹಾರಾಜರಿಗೆ ಹೇಳಿದ್ದಕ್ಕೆ 1940ರಲ್ಲಿ ಪಕ್ಷಿಧಾಮ ಆಯಿತು. 2022ರಲ್ಲಿ ನಮ್ಮ ರಾಜ್ಯದ ಮೊದಲ ರಾಮ್ಸಾರ್ ಜಾಗವೂ ಆಯಿತು, ಅಂದರೆ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮನುಷ್ಯ ಕಟ್ಟಿದ ಕಟ್ಟೆಯೇ ಹಕ್ಕಿಗಳಿಗೆ ಮನೆ ಮಾಡಿಕೊಟ್ಟಿತು. ಯಾಕೆ ಅಂದರೆ ಕಟ್ಟಿದ ಮೇಲೆ ಆ ತಿಟ್ಟುಗಳಿಗೆ ಯಾರೂ ಕೈ ಹಾಕಲಿಲ್ಲ.

ದೊಡ್ಡ ಡ್ಯಾಮಿನ ವಿಷಯ ಸ್ವಲ್ಪ ಬೇರೆ. ತುಂಗಭದ್ರಾ ಡ್ಯಾಮ್ 1953ರಲ್ಲಿ ಮುಗಿಯಿತು. ಆಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಮೇಲಿನ ಬಯಲುಗಳಿಂದ, ಹಳ್ಳಗಳಿಂದ, ದಂಡೆಗಳಿಂದ ಕೊಚ್ಚಿಕೊಂಡು ಬಂದ ಮಣ್ಣು ಅದು. ಕೆಳಗಿರುವ ನಮಗೆ ಹೊಳೆಯಲ್ಲಿ ನೀರು ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅನ್ನೋದು ಈಗ ಮಳೆಯ ಕೈಲಿಲ್ಲ, ಗೇಟಿನ ಕೈಲಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತುಕೊಂಡು ಹೋದಾಗ ಉಳಿದ ಗೇಟುಗಳನ್ನೂ ತೆಗೆಯಬೇಕಾಯಿತು. ಹೊಳೆ ಪಕ್ಕದ ಊರಿನವರಿಗೆ ಆ ವಾರ ಸರಿಯಾಗಿ ನಿದ್ದೆ ಇಲ್ಲ. ನಿಜ ಹೇಳಬೇಕಂದರೆ ಆಗಸ್ಟ್ ತಿಂಗಳ ನೆರೆಯನ್ನು ಹೊಳೆಯ ಪ್ರಾಣಿಗಳು ತಡ್ಕೊಳ್ತವೆ. ಅದು ನೆರೆಯ ಕಾಲವೇ. ಅವು ಮೇಲಕ್ಕೆ ಸರಿಯುತ್ತವೆ, ಸರಿಯೋಕೆ ಮೇಲೆ ಜಾಗ ಇದ್ದರೆ. ಅವಕ್ಕೆ ಗೊತ್ತಾಗದೇ ಇರುವುದು ಬೇಸಿಗೆಯ ನೆರೆ.

ರೀವ ಹಕ್ಕಿಯನ್ನು ನೋಡಿದ್ದೀರಾ? ಬೂದು ರೆಕ್ಕೆ, ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. ನೀರಿನ ಮೇಲೆ ತೇಲಿದ ಹಾಗೆ ಹಾರಿ ಥಟ್ಟಂತ ಕೆಳಗೆ ಬಿದ್ದು ಮೀನು ಎತ್ತುತ್ತೆ. ಮಾರ್ಚಿಯಿಂದ ಮೇವರೆಗೆ ಹೊಳೆ ಇಳಿದು ಮರಳ ದಿಬ್ಬ ಎದ್ದಾಗ ಅದು ಮೊಟ್ಟೆ ಇಡುತ್ತೆ. ಗೂಡು ಅಂತ ಕಟ್ಟಲ್ಲ. ಮರಳಲ್ಲಿ ಎದೆಯಿಂದ ಒತ್ತಿ ಒಂದು ಬಟ್ಟಲಿನಷ್ಟು ತಗ್ಗು ಮಾಡಿ ಎರಡು ಮೂರು ಮೊಟ್ಟೆ ಇಡುತ್ತೆ. ಮೊಟ್ಟೆಯ ಬಣ್ಣ ಮರಳಿನದ್ದೇ, ಮೇಲೆ ಕಂದು ಚುಕ್ಕಿ. ನಾನು ಒಂದು ಸಲ ಇನ್ನೇನು ಕಾಲಿಡಬೇಕು, ಪಕ್ಕದಲ್ಲಿದ್ದ ಹುಡುಗ ಕೈ ಹಿಡಿದು ಎಳೆದ. ಒಂದು ಹೆಜ್ಜೆ ಮುಂದೆ ಮೂರು ಮೊಟ್ಟೆ! ಹಕ್ಕಿ ತಲೆ ಮೇಲೆ ಸುತ್ತುತ್ತಾ ಬೈಯುತ್ತಿತ್ತು. ಈ ಮೊಟ್ಟೆ ಮರಿಯಾಗೋಕೆ ಸುಮಾರು ಮೂರು ವಾರ ಬೇಕು. ಅಷ್ಟರಲ್ಲಿ ಕೆಳಗಿನ ಊರಿಗೆ ಕುಡಿಯೋ ನೀರು ಬೇಕು ಅಂತ ಡ್ಯಾಮಿನಿಂದ ನೀರು ಬಿಟ್ಟರೆ ಒಂದೇ ರಾತ್ರಿಯಲ್ಲಿ ಎಲ್ಲ ಹೋಯಿತು. ಜನಕ್ಕೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದೇ ಸಲ ಜೋರಾಗಿ ಬಿಡುವ ಬದಲು ದಿಬ್ಬ ಮುಳುಗದ ಹಾಗೆ ನಿಧಾನವಾಗಿ ಕೆಲವು ದಿನ ಬಿಡೋಕೆ ಆಗುತ್ತಾ ಅಂತ ಕೇಳುವವರು ಬೇಕು. ಆ ದಿಬ್ಬದಲ್ಲಿ ಮೊಟ್ಟೆ ಇದೆ ಅಂತ ಗೇಟಿನ ಹತ್ತಿರ ಕೂತವರಿಗೆ ಯಾರಾದರೂ ಹೇಳಬೇಕಲ್ವಾ?

ದಿಬ್ಬವೇ ಇಲ್ಲದಿದ್ದರೆ ಮೊಟ್ಟೆಯ ಮಾತೂ ಇಲ್ಲ. ರಾತ್ರಿ ಟ್ರ್ಯಾಕ್ಟರ್ ಸದ್ದು ಕೇಳಿ ಬೆಳಿಗ್ಗೆ ಹೋದರೆ ನೆನ್ನೆ ಇದ್ದ ಮರಳು ಇವತ್ತು ಇರಲ್ಲ. ಈ ದಂಧೆ ಬಗ್ಗೆ ಎಲ್ಲರಿಗೂ ಗೊತ್ತು, ನಾನು ಬರೆದು ಹೊಸದಾಗಿ ತಿಳಿಯಬೇಕಾದ್ದು ಏನೂ ಇಲ್ಲ.

ಮೀನುಗಾರರ ಮಾತು ಹೇಳಬೇಕು. ನೀರುನಾಯಿಗೂ ಮೀನುಗಾರರಿಗೂ ಆಗಲ್ಲ ಅಂತ ಹೇಳುವುದುಂಟು. ಬಲೆ ಹರಿಯುತ್ತೆ, ಸಿಕ್ಕ ಮೀನು ಕಚ್ಚಿ ಬಿಡುತ್ತೆ ಅಂತ. ಅದು ಸುಳ್ಳಲ್ಲ. ಒಂದು ಬಲೆಗೆ ಸಾವಿರಾರು ರೂಪಾಯಿ, ಹರಿದರೆ ಅವತ್ತಿನ ಒಲೆ ಉರಿಯುವುದೂ ಕಷ್ಟ. ನಮ್ಮೂರಲ್ಲಿ ಹರಿಗೋಲು ಹಾಕುವ ಒಬ್ಬರಿದ್ದಾರೆ, ನಾನು ಚಿಕ್ಕಂದಿನಿಂದ ಮಾಮಾ ಅಂತಲೇ ಕರೆಯೋದು. ಎಪ್ಪತ್ತರ ಹತ್ತಿರ ವಯಸ್ಸು. ಅವರನ್ನು ಕೇಳಿದೆ, "ಮಾಮಾ, ನೀರ್ನಾಯಿ ಬಂದ್ರ ನಿಮಗ ಸಿಟ್ಟು ಬರಂಗಿಲ್ಲೇನು?" ಅಂತ.

"ಯಾಕ ಬರಬೇಕವ್ವಾ?" ಅಂದರು. "ಅದು ಬಂತಂದ್ರ ಆ ಮಡುವಿನಾಗ ಮೀನ ಐತಿ ಅಂತ ಅರ್ಥ. ನಮ್ಮಪ್ಪ ಅದನ್ನ ನೋಡೇ ಬಲಿ ಹಾಕತಿದ್ದ. ಅದು ಹೊಟ್ಟಿಗಿ ಎಷ್ಟ ಬೇಕೋ ಅಷ್ಟ ತಿಂತೈತಿ. ತ್ವಾಟಿ ಹಾಕಾವ್ರು ಮರಿ ಸೈತ ಬಿಡಂಗಿಲ್ಲ."

ತೋಟೆ ಅಂದರೆ ಕ್ವಾರಿಯಲ್ಲಿ ಕಲ್ಲು ಸಿಡಿಸೋ ಮದ್ದು. ಅದನ್ನು ಮಡುವಿಗೆ ಎಸೆದರೆ ಒಂದು ಸದ್ದು, ನೀರು ಆಳೆತ್ತರ ಚಿಮ್ಮುತ್ತೆ, ದೊಡ್ಡದು ಸಣ್ಣದು ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತೆ. ಎಸೆದವರು ದೊಡ್ಡ ಮೀನು ಆರಿಸಿಕೊಂಡು ಹೋಗುತ್ತಾರೆ. ಉಳಿದದ್ದು ಮುಳುಗಿ ಕೊಳೆಯುತ್ತೆ. ಮಡು ಅಂದರೆ ಬೇಸಿಗೆಯಲ್ಲಿ ಇಡೀ ಹೊಳೆಯ ಜೀವ ಬಂದು ಸೇರುವ ಜಾಗ. ಒಂದು ಏಪ್ರಿಲ್ ತಿಂಗಳಲ್ಲಿ ಒಂದು ಮಡುವಿಗೆ ತೋಟೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ಬೀಜಕ್ಕೂ ಮೀನಿರಲ್ಲ. ಮಾಮಾ ಹಾಕುವುದು ಅಗಲ ಕಣ್ಣಿನ ಬಲೆ. ಮರಿ ಸಿಕ್ಕರೆ ಅಲ್ಲೇ ಬಿಡುತ್ತಾರೆ. ಇಂಥವರನ್ನೂ ತೋಟೆ ಹಾಕುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ "ಮೀನುಗಾರರಿಂದ ಹೊಳೆ ಹಾಳು" ಅಂತ ಹೇಳುವವರನ್ನು ಕಂಡರೆ ನನಗೆ ನಿಜವಾಗಲೂ ಸಿಟ್ಟು ಬರುತ್ತೆ. ಹೊಳೆಯನ್ನು ದಿನಾ ನೋಡುವವರು ಅವರೊಬ್ಬರೇ. ಯಾವ ಬಂಡೆ ಮೇಲೆ ಮೊಸಳೆ ಮಲಗುತ್ತೆ, ಯಾವ ಸಂದಿಯಲ್ಲಿ ಈ ವರ್ಷ ನೀರುನಾಯಿ ಮರಿ ಹಾಕಿದೆ ಅಂತ ಅವರಿಗೆ ಗೊತ್ತು.

ಮಾಮಾ ಇನ್ನೊಂದು ವಿಷಯ ಹೇಳಿದರು. ಮೊದಲು ಬಲೆಗೆ ಬಾಳೆ ಮೀನು ಬೀಳುತ್ತಿತ್ತು, ಈಗ ಬರೀ ಜಿಲೇಬಿ ಅಂತ. ಜಿಲೇಬಿ ಅಂದರೆ ಆಫ್ರಿಕಾ ಮೂಲದ ತಿಲಾಪಿಯಾ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧ ಮಾಡಿದೆ, ಆದರೂ ಕೆರೆ ಕುಂಟೆಗಳಲ್ಲಿ ಕದ್ದು ಸಾಕುತ್ತಾರೆ. ಮಳೆಗೆ ಹೊಂಡ ತುಂಬಿ ಹರಿದರೆ ಅದು ನೇರ ಹೊಳೆಗೆ ಬರುತ್ತೆ, ಕಂಡ ಕಂಡ ಮೀನಿನ ಮರಿಗಳನ್ನೆಲ್ಲ ನುಂಗುತ್ತೆ. ಒಂದು ಸಲ ಹೊಳೆ ಸೇರಿದರೆ ಅದನ್ನು ವಾಪಸ್ ತೆಗೆಯೋಕೆ ಯಾರಿಂದಲೂ ಆಗಲ್ಲ.

ಸಂರಕ್ಷಿತ ಪ್ರದೇಶ ಅಂತ ಬೋರ್ಡು ಬಿದ್ದಾಗ ನಮ್ಮ ಕಡೆ ಬಹಳ ಜನ ಹೆದರಿದರು. ಗದ್ದೆ ಬಿಡಿಸ್ತಾರಂತೆ, ಮೋಟಾರು ಕೀಳ್ತಾರಂತೆ, ಹರಿಗೋಲು ಹಾಕಂಗಿಲ್ಲಂತೆ ಅಂತ. ಹಾಗೇನೂ ಆಗಲಿಲ್ಲ. ಕಾನೂನಿನಲ್ಲಿ ಇದು ಅಭಯಾರಣ್ಯದ ಥರ ಅಲ್ಲ. ಸರ್ಕಾರದ ಜಾಗದಲ್ಲಿ, ಅಕ್ಕಪಕ್ಕದ ಊರಿನವರ ಮಾತು ಕೇಳಿ ಮಾಡುವಂಥದ್ದು, ನೋಡಿಕೊಳ್ಳುವ ಸಮಿತಿಯಲ್ಲಿ ಪಂಚಾಯ್ತಿಯವರೂ ಇರಬೇಕು. ಇದು ಒಳ್ಳೆಯದೇ. ಆದರೆ ಗೆರೆ ಎಳೆದದ್ದು ಹೊಳೆಗೆ. ಗೆರೆಯ ಆಚೆ ಎರಡು ಹೆಜ್ಜೆ ಇಟ್ಟರೆ ಪಟ್ಟಾ ಜಮೀನು. ಅಲ್ಲಿ ಔಷಧಿ ಹೊಡೆದ ಡಬ್ಬಿ ಹೊಳೆಯಲ್ಲಿ ತೊಳೆದರೆ, ಆಪಿಗೆ ಬೆಂಕಿ ಹಾಕಿದರೆ, ದಂಡೆಯ ಮರ ಕಡಿದರೆ, ಬೋರ್ಡು ಏನು ಮಾಡುತ್ತೆ? ನೀರುನಾಯಿಗೆ ಪಹಣಿ ಓದೋಕೆ ಬರಲ್ಲ. ಚರ್ಮಕ್ಕಾಗಿ ಇವನ್ನು ಕೊಲ್ಲುವ ದಂಧೆ ನಿಲ್ಲಲಿ ಅಂತ 2019ರಲ್ಲಿ ಬಹಳಷ್ಟು ದೇಶಗಳು ಸೇರಿ ಮತ ಹಾಕಿ ದೇಶದೇಶಗಳ ನಡುವಿನ ವ್ಯಾಪಾರ ನಿಷೇಧ ಮಾಡಿದವು. ಅದು ಬೇಕೇ ಬೇಕು. ಆದರೆ ನಮ್ಮೂರಲ್ಲಿ ಅದನ್ನು ಯಾರೂ ಬಂದೂಕಿನಿಂದ ಕೊಲ್ಲಲಿಲ್ಲ, ಅದರ ಮನೆಯನ್ನು ಸ್ವಲ್ಪ ಸ್ವಲ್ಪವೇ ಉತ್ತು ಹಾಕಿದೆವು.

ಮತ್ತೆ ನಾಯಿಗಳು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬರೀತಿದ್ದೀನಿ. ಹೊಲಕ್ಕೆ ಹೋಗುವಾಗ ಜೊತೆಗೆ ಬರುವ ಮನೆ ನಾಯಿ, ದಂಡೆಯಲ್ಲಿ ಪ್ರವಾಸಿಗಳು ಬಿಸಾಕಿದ ಅನ್ನ, ಕೋಳಿ ಮೂಳೆ ತಿಂದು ಬೆಳೆದ ಬೀದಿ ನಾಯಿ, ಇವು ಆಪಿನೊಳಗೆ ನುಗ್ಗಿ ಮರಿಗಳನ್ನು ಎಳೆದು ಹಾಕುತ್ತವೆ, ಮರಳಲ್ಲಿರುವ ಆಮೆ ಮೊಟ್ಟೆ ಬಗೆದು ತಿನ್ನುತ್ತವೆ. ದೊಡ್ಡ ನೀರುನಾಯಿಯ ತಂಟೆಗೆ ಹೋಗಲ್ಲ, ಅದರ ಕಚ್ಚು ಜೋರು. ಮರಿ ಸಿಕ್ಕರೆ ಬಿಡಲ್ಲ.

ನೆರೆ ಬಂದು ದಂಡೆ ಕುಸಿದ ಮೇಲೆ ಅಪ್ಪನ ಹತ್ತಿರ ಕೂತು ಮಾತಾಡಿದೆ. ಕೊನೆಯ ಆರು ಮಾರು ಬಿಟ್ಟುಬಿಡೋಣ ಅಂದೆ. ಅಪ್ಪ ಲೆಕ್ಕ ಹಾಕಿದರು. ಆ ಪಟ್ಟಿಯಲ್ಲಿ ಎಷ್ಟು ಚೀಲ ಬರುತ್ತೆ, ಚೀಲಕ್ಕೆ ಎಷ್ಟು, ಗೊಬ್ಬರ ಔಷಧಿ ಆಳು ಕಳೆದರೆ ಉಳಿಯೋದೆಷ್ಟು. ಕೊನೆಯ ಸಾಲುಗಳಲ್ಲಿ ಹೇಗೂ ಇಳುವರಿ ಕಮ್ಮಿ, ನೆರೆ ಬಂದ ವರ್ಷ ಅದೂ ಇಲ್ಲ. ಲೆಕ್ಕ ಮುಗಿಸಿ ಒಂದು ದಿನ ಸುಮ್ಮನಿದ್ದರು. ಮರುದಿನ "ಆತು ಬಿಡು, ಮುಂದ ದಂಡಿ ಹೋದ್ರ ಇರೋ ಗದ್ದಿನೂ ಹೊಕ್ಕತಿ" ಅಂದರು. ನೀರುನಾಯಿಗಾಗಿ ಒಪ್ಪಿದ್ದಲ್ಲ, ಗದ್ದೆಗಾಗಿ ಒಪ್ಪಿದ್ದು. ನನಗೆ ಅಷ್ಟೇ ಸಾಕಾಗಿತ್ತು.

ನಾವು ಹೆಚ್ಚೇನೂ ಮಾಡಲಿಲ್ಲ. ಉಳುವುದು ನಿಲ್ಲಿಸಿದೆವು, ಬೆಂಕಿ ಹಾಕುವುದು ನಿಲ್ಲಿಸಿದೆವು. ಮೊದಲ ಮಳೆಗಾಲದಲ್ಲೇ ಆಪು ತಾನಾಗೇ ಬಂತು. ಎರಡನೇ ವರ್ಷ ಮೇಲಿನ ಗದ್ದೆಯವರ ಮತ್ತಿ ಮರದ ಬೀಜ ಬಿದ್ದು ಸಸಿ ಎದ್ದವು, ಅದರಲ್ಲಿ ಹನ್ನೊಂದು ಉಳಿದಿವೆ, ಎರಡು ನನಗಿಂತ ಎತ್ತರ. ಹೊಂಗೆ ನಾವೇ ನೆಟ್ಟೆವು. ನೇರಳೆಯನ್ನು ಅವ್ವ ನೆಟ್ಟಳು, ಹಳೆ ಮರ ಇದ್ದ ಜಾಗದಲ್ಲೇ. ಪಂಪಿನ ಪೈಪನ್ನು ಬಂಡೆಯಿಂದ ಆಚೆ ಸರಿಸಿದೆವು. ಔಷಧಿ ಡಬ್ಬಿ ತೊಳೆಯೋಕೆ ಗದ್ದೆಯ ಮೇಲಿನ ಬದುವಿನಲ್ಲಿ ಒಂದು ಗುಂಡಿ. ಪಕ್ಕದವರು ನಕ್ಕರು. ಹಂದಿ ಬಂದು ಸೇರ್ಕೊಳ್ತವೆ, ಹಾವು ಜಾಸ್ತಿ ಆಗ್ತವೆ ಅಂತ ಬೈದವರೂ ಇದ್ದಾರೆ. ಹಂದಿ ಒಂದೆರಡು ಸಲ ಬಂದಿದ್ದೂ ನಿಜ, ಗದ್ದೆಯ ಒಂದು ಮೂಲೆ ತುಳಿದು ಹಾಕಿದ್ದೂ ನಿಜ. ಅದನ್ನು ಮುಚ್ಚಿಡಲ್ಲ.

ಹೋದ ವರ್ಷ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿದ್ದೆ. ಒಂದು ಕೆರೆ, ಕೆರೆಯ ತುಂಬ ಕರಿಜಾಲಿ ಮರಗಳು ನೀರಲ್ಲೇ ನಿಂತಿವೆ, ಮರದ ತುಂಬ ಹಕ್ಕಿ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆ, ಒಂದು ಕೊಂಬೆಯೂ ಖಾಲಿ ಇಲ್ಲ. ಸದ್ದಿಗೆ ಪಕ್ಕದಲ್ಲಿದ್ದವರ ಮಾತು ಕೇಳಲ್ಲ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಗದಗಿನ ಮಾಗಡಿ ಕೆರೆ ಮತ್ತು ಅಘನಾಶಿನಿಯ ಅಳಿವೆಯ ಜೊತೆ. ಅಲ್ಲಿ ಏರಿಯ ಮೇಲೆ ಕುರಿ ಕಾಯುತ್ತಿದ್ದ ಒಬ್ಬ ಹುಡುಗ ಒಂದೊಂದು ಹಕ್ಕಿಯನ್ನೂ ತೋರಿಸಿ ಇದು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಹೇಳಿದ. "ನಮ್ಮೂರ ಹಕ್ಕಿ" ಅಂದ. ಆ ಮಾತು ಹೇಳುವಾಗ ಅವನ ಮುಖ ನೋಡಬೇಕಿತ್ತು. ನಮ್ಮ ಹೊಳೆಯ ಬಗ್ಗೆ ನಮ್ಮೂರ ಮಕ್ಕಳು "ನಮ್ಮೂರ ನೀರುನಾಯಿ" ಅಂತ ಯಾವಾಗ ಹೇಳ್ತಾರೋ ಅಂತ ಬಸ್ಸಿನಲ್ಲಿ ಬರುವಾಗಲೆಲ್ಲ ಅದೇ ಯೋಚನೆ.

ಹೊಳೆ ಪಕ್ಕ ಜಮೀನು ಇರುವವರು ಇದನ್ನು ಓದುತ್ತಿದ್ದರೆ ಒಂದೇ ಕೇಳಿಕೆ. ಮರ ನೆಡಿ ಅಂತಲೂ ಹೇಳಲ್ಲ, ದುಡ್ಡು ಹಾಕಿ ಅಂತಲೂ ಹೇಳಲ್ಲ. ಈ ಬೇಸಿಗೆ ಆಪಿಗೆ ಬೆಂಕಿ ಹಾಕಬೇಡಿ. ಒಂದೇ ಒಂದು ವರ್ಷ ಬಿಟ್ಟು ನೋಡಿ. ತಿರುಗಾಡೋಕೆ ಬರುವವರು ಬಂಡೆಯ ಮೇಲೆ ಊಟದ ತಟ್ಟೆ, ಬಾಟಲಿ ಬಿಟ್ಟು ಹೋಗಬೇಡಿ, ಮರಳ ದಿಬ್ಬದ ಮೇಲೆ ಹಕ್ಕಿ ತಲೆ ಮೇಲೆ ಸುತ್ತುತ್ತಾ ಕೂಗುತ್ತಿದ್ದರೆ ಅಲ್ಲಿಂದ ಹಿಂದಕ್ಕೆ ಬನ್ನಿ. ಯಾರಾದರೂ ತೋಟೆ ಹಾಕುವುದು ಕಂಡರೆ ಸುಮ್ಮನಿರಬೇಡಿ, ಅರಣ್ಯ ಇಲಾಖೆಗೋ ಪೊಲೀಸರಿಗೋ ಫೋನ್ ಮಾಡಿ. ನಿಮ್ಮ ಹೆಸರು ಹೇಳಬೇಕಾಗಿಲ್ಲ.

ಭಾನುವಾರದ ಮಾತು ಅರ್ಧಕ್ಕೆ ಬಿಟ್ಟೆ. ಹಿಕ್ಕೆ ನೋಡಿದ ಮೇಲೆ ಮನೆಗೆ ಓಡಿ ಅಪ್ಪನನ್ನು ಕರೆದುಕೊಂಡು ಬಂದೆ. ಮಂಡಿ ನೋವು, ಆದರೂ ಬಂಡೆಯ ಹತ್ತಿರ ಇಳಿದು ಕೂತರು. ನನ್ನ ಕೈಲಿದ್ದ ಕಡ್ಡಿ ತಗೊಂಡು ಕೆದಕಿದರು, ಮೂಸಿ ನೋಡಿದರು. "ಏಡಿ ತಿಂದೈತಿ" ಅಂದರು. ಪಕ್ಕದ ಹಸಿ ಮಣ್ಣಿನಲ್ಲಿ ಹೆಜ್ಜೆ ಇತ್ತು, ಐದು ಬೆರಳು, ನಡುವೆ ಪೊರೆಯ ಗುರುತು. ಅದರ ಪಕ್ಕ ಇನ್ನೊಂದು, ಸಣ್ಣದು. ಅಪ್ಪ ಆ ಸಣ್ಣ ಹೆಜ್ಜೆಯ ಪಕ್ಕ ತಮ್ಮ ಹೆಬ್ಬೆರಳು ಇಟ್ಟು ಅಳತೆ ನೋಡಿದರು. ಆಮೇಲೆ ಎದ್ದು ಆಪಿನ ಕಡೆ ಸ್ವಲ್ಪ ಹೊತ್ತು ನೋಡುತ್ತಾ ನಿಂತರು.

ಸೋಮವಾರ ಬೆಳಿಗ್ಗೆ ನಾನು ಹೊಸಪೇಟೆಗೆ ಹೊರಡೋಕೆ ಚೀಲ ಕಟ್ಟುತ್ತಿದ್ದೆ. ಅಪ್ಪ ಗದ್ದೆಗೆ ಹೊರಟರು. ನಮ್ಮ ನಾಯಿ ಎಂದಿನಂತೆ ಬಾಲ ಆಡಿಸುತ್ತಾ ಮುಂದೆ ಓಡಿತು. ಅಪ್ಪ ಅದನ್ನು ಕರೆದು, ಕೊರಳಿಗೆ ಹಗ್ಗ ಹಾಕಿ, ಅಂಗಳದ ಬೇವಿನ ಮರಕ್ಕೆ ಕಟ್ಟಿ, ಒಬ್ಬರೇ ಹೋದರು.